ಕಾರ್ಲ್ ಸೇಫರ್ಟ್: ಎಕ್ಸ್-ರೇ ಆಕಾಶ ನೋಡದೇ ಹೋದವರು

2024ರ ಜನವರಿಯಲ್ಲಿ ಜರ್ಮನಿಯ ಖಗೋಳ ವಿಜ್ಞಾನಿಗಳು ಒಂದು ದೊಡ್ಡ ಪಟ್ಟಿ ಹೊರಗೆ ಬಿಟ್ಟರು. ಇ-ರೊಸಿಟಾ ಅನ್ನೋ ಎಕ್ಸ್-ರೇ ಟೆಲಿಸ್ಕೋಪ್ ಆರು ತಿಂಗಳು ಆಕಾಶವನ್ನೆಲ್ಲ ಗುಡಿಸಿ ತಂದಿದ್ದರಲ್ಲಿ ಅರ್ಧ ಆಕಾಶದ ಲೆಕ್ಕ ಅದು. ಒಟ್ಟು ಸುಮಾರು 9 ಲಕ್ಷ ಎಕ್ಸ್-ರೇ ಚುಕ್ಕೆಗಳು. ಅದರಲ್ಲಿ 7 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು ದೂರದ ಗೆಲಾಕ್ಸಿಗಳ ನಟ್ಟನಡುವೆ ಕೂತು, ಸುತ್ತಲಿನ ಅನಿಲವನ್ನು ನುಂಗುತ್ತಿರುವ ದೈತ್ಯ ಕಪ್ಪುಕುಳಿಗಳು. ಇವಕ್ಕೆ ಸಕ್ರಿಯ ಗೆಲಾಕ್ಸಿ ನಾಭಿ ಅಂತ ಹೆಸರು. ಓದುವವರು ಬರೆಯುವವರು ಚಿಕ್ಕದಾಗಿ ಎ.ಜಿ.ಎನ್ ಅಂತಾರೆ.

ಚುಕ್ಕೆ ಸಿಕ್ಕೋದು ಒಂದು ಕೆಲಸ. ಆ ಚುಕ್ಕೆ ಏನು ಅಂತ ಗುರುತು ಹಿಡಿಯೋದು ಬೇರೆಯದೇ ಕೆಲಸ, ಮತ್ತು ಎರಡನೆಯದೇ ಕಷ್ಟ. ಈ ಎರಡನೇ ಕೆಲಸದ ಕಾಗದಪತ್ರಗಳನ್ನು ತಿರುವಿದರೆ ಒಂದು ಹೆಸರು ಮತ್ತೆ ಮತ್ತೆ ಕಾಲಿಗೆ ತೊಡರುತ್ತೆ. ಸೇಫರ್ಟ್ 1, ಸೇಫರ್ಟ್ 2, ಇವೆರಡರ ನಡುವೆ ಸೇಫರ್ಟ್ 1.5. ಓದುವವರಿಗೆ ಅದು ಯಾವುದೋ ಮೀಟರಿನ ಮಾಡೆಲ್ ನಂಬರ್ ಅನ್ನಿಸಿದರೂ ತಪ್ಪಿಲ್ಲ. ಆದರೆ ಅದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ತೀರಿಕೊಂಡಿದ್ದು 1960ರ ಜೂನ್ 13ರಂದು. ಸೌರವ್ಯೂಹದ ಆಚೆಯ ಮೊಟ್ಟಮೊದಲ ಎಕ್ಸ್-ರೇ ಮೂಲ ಸಿಕ್ಕಿದ್ದು 1962ರ ಜೂನ್ 18ರ ರಾತ್ರಿ ಹಾರಿಸಿದ ರಾಕೆಟ್‌ನಿಂದ. ಎರಡು ವರ್ಷದ ಮೇಲೆ ಐದು ದಿನ.

ಒಂದು ವಿದ್ಯೆ ಹುಟ್ಟುವುದಕ್ಕೂ ಮುಂಚೆ ಸತ್ತವರ ಹೆಸರು ಆ ವಿದ್ಯೆಯ ಪಟ್ಟಿಗಳ ತುಂಬ ಯಾಕಿದೆ? ಈ ಸಲದ ವ್ಯಕ್ತಿಪರಿಚಯಕ್ಕೆ ನಾವು ಅವರನ್ನು ಆರಿಸಿಕೊಂಡಿದ್ದು ಈ ಪ್ರಶ್ನೆಗಾಗಿಯೇ.

ಕಾರ್ಲ್ ಕೀನನ್ ಸೇಫರ್ಟ್ ಹುಟ್ಟಿದ್ದು 1911ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಊರಲ್ಲಿ. ಅಪ್ಪ ಔಷಧಿ ಅಂಗಡಿಯವರು. ಹುಡುಗ ಡಾಕ್ಟರ್ ಆಗಬೇಕು ಅಂತಲೇ 1929ರಲ್ಲಿ ಹಾರ್ವರ್ಡ್‌ಗೆ ಹೋದ. ಅಲ್ಲಿ ಬಾರ್ಟ್ ಬಾಕ್ ಅನ್ನೋ ಮೇಷ್ಟ್ರು ಖಗೋಳಶಾಸ್ತ್ರದ ಪಾಠ ಮಾಡುತ್ತಿದ್ದರು. ನಮ್ಮ ಆಕಾಶಗಂಗೆಯ ಬಗ್ಗೆ ಮಾತಾಡಲು ನಿಂತರೆ ಎದುರಿಗಿದ್ದವರನ್ನು ಕಟ್ಟಿಹಾಕುವಂಥ ಮನುಷ್ಯ ಬಾಕ್. ಆ ಪಾಠ ಕೇಳಿದ ಮೇಲೆ ಸೇಫರ್ಟ್ ಮೆಡಿಕಲ್ ಕೈಬಿಟ್ಟರು. ಮನೆಯಲ್ಲಿ ಏನಂದರೋ. ಅದೇ 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಶುರುವಾಯ್ತು. ಊರೆಲ್ಲ ಕೆಲಸ ಇಲ್ಲ ಅಂತಿರುವಾಗ ಔಷಧಿ ಅಂಗಡಿಯವರ ಮಗ ಡಾಕ್ಟರಿಕೆ ಬಿಟ್ಟು ನಕ್ಷತ್ರ ನೋಡ್ತೀನಿ ಅಂತ ಹೊರಡೋದನ್ನ ಕಲ್ಪಿಸಿಕೊಳ್ಳಿ. ಪ್ಲೇಸ್‌ಮೆಂಟ್ ಇಲ್ಲದ ಬ್ರ್ಯಾಂಚ್ ಆರಿಸಿಕೊಂಡ ನಮ್ಮ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ.

1936ರಲ್ಲಿ ಹಾರ್ಲೊ ಶಾಪ್ಲಿಯವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ ಮುಗಿಯಿತು. ವಿಷಯ, ಹೊರಗಿನ ಗೆಲಾಕ್ಸಿಗಳ ಬಣ್ಣ ಮತ್ತು ಹೊಳಪು. ಆಗಿನ್ನೂ ಬೇರೆ ಗೆಲಾಕ್ಸಿಗಳು ಇವೆ ಅಂತ ಗಟ್ಟಿಯಾಗಿ ಗೊತ್ತಾಗಿ ಹತ್ತು-ಹನ್ನೆರಡು ವರ್ಷ ಆಗಿತ್ತು ಅಷ್ಟೇ. ಹಾರ್ವರ್ಡ್‌ನಲ್ಲೇ ಮ್ಯೂರಿಯಲ್ ಮಸ್ಸೆಲ್ಸ್ ಅವರ ಜೊತೆ ಮದುವೆ ಆಯಿತು. ಆಕೆಯೂ ಖಗೋಳ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಕಂಪ್ಯೂಟರ್ ಅಂತಲೇ ಕರೆಯುತ್ತಿದ್ದ ಮಹಿಳೆಯರ ಗುಂಪಿನಲ್ಲಿದ್ದವರು. ಫೋಟೊ ಫಲಕಗಳನ್ನು ಕಣ್ಣಲ್ಲೇ ಜಾಲಾಡಿ ಹೊಸ ಉಂಗುರ ನೀಹಾರಿಕೆಗಳನ್ನು ಪತ್ತೆ ಹಚ್ಚಿದವರು. ಗಂಡನ ಹೆಸರಿನ ಗೆಲಾಕ್ಸಿಗಳ ಬಗ್ಗೆ ಬರೆಯುವವರು ಈಕೆಯನ್ನು ಒಂದು ಸಾಲಲ್ಲಿ ದಾಟಿಬಿಡ್ತಾರೆ. ನಾವೂ ಹೆಚ್ಚುಕಡಿಮೆ ಅದನ್ನೇ ಮಾಡ್ತಿದ್ದೀವಿ, ಜಾಗದ ಅಭಾವ.

ಪಿಎಚ್‌.ಡಿ ಆದ ಮೇಲೆ ಟೆಕ್ಸಸ್‌ನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯ. ಅದು ಇನ್ನೂ ಕಟ್ಟುತ್ತಿದ್ದ ಹಂತ. ಸುತ್ತ ಬೆಟ್ಟ, ಬಯಲು, ಹತ್ತಿರದಲ್ಲಿ ದೊಡ್ಡ ಊರೇ ಇಲ್ಲ. 82 ಇಂಚಿನ ಟೆಲಿಸ್ಕೋಪ್ ಉದ್ಘಾಟನೆ ಆಗಿದ್ದು 1939ರಲ್ಲಿ. ಒಂದು ವೀಕ್ಷಣಾಲಯ ಶೂನ್ಯದಿಂದ ಹೇಗೆ ಎದ್ದು ನಿಲ್ಲುತ್ತೆ ಅನ್ನೋದನ್ನ ಸೇಫರ್ಟ್ ಅಲ್ಲಿ ನಾಲ್ಕು ವರ್ಷ ಹತ್ತಿರದಿಂದ ಕಂಡರು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1940ರಲ್ಲಿ ಎರಡು ವರ್ಷದ ಫೆಲೋಶಿಪ್ ಸಿಕ್ಕಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ಗೆ ಬಂದರು. ಹಬಲ್ ಕೆಲಸ ಮಾಡುತ್ತಿದ್ದ ಬೆಟ್ಟ ಅದು. ಜಗತ್ತಿನ ಅತಿ ದೊಡ್ಡ ಟೆಲಿಸ್ಕೋಪ್ ಆಗ ಇದ್ದದ್ದೂ ಅಲ್ಲೇ. ಅವರ ಹೆಸರು ಉಳಿಸಿದ ಕೆಲಸ ಈ ಎರಡು ವರ್ಷದ್ದು.

ಆ ಕೆಲಸ ಏನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಫಿಸಿಕ್ಸ್ ಸೈಕಲ್ ಮುಗಿಸಿದವರಿಗೆಲ್ಲ ರೋಹಿತ ಗೊತ್ತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಬಿಸಿ ಅನಿಲದ ಹೈಡ್ರೋಜನ್ ತನ್ನದೇ ಆದ ತರಂಗಾಂತರಗಳಲ್ಲಿ ಹೊಳೆಯುವ ಗೆರೆ ಕೊಡುತ್ತೆ. ಅನಿಲ ನಮ್ಮ ಕಡೆ ಬರುತ್ತಿದ್ದರೆ ಗೆರೆ ನೀಲಿಯ ಕಡೆಗೆ ಸರಿಯುತ್ತೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ. ಒಂದೇ ಜಾಗದಲ್ಲಿ ಕೆಲವು ಮೋಡ ಈ ಕಡೆ, ಕೆಲವು ಆ ಕಡೆ ಓಡುತ್ತಿದ್ದರೆ? ಗೆರೆ ಎರಡೂ ಕಡೆಗೆ ಹರಡಿ ದಪ್ಪ ಪಟ್ಟಿಯಾಗುತ್ತೆ. ಆ ಪಟ್ಟಿಯ ಅಗಲ ಅಳೆದರೆ ಅನಿಲದ ವೇಗ ಸಿಕ್ಕಿತು. ಇಷ್ಟೇ ಲೆಕ್ಕ.

ಮಾಮೂಲಿ ಸುರುಳಿ ಗೆಲಾಕ್ಸಿಯಲ್ಲಿ ನಕ್ಷತ್ರ, ಅನಿಲ ಎಲ್ಲ ಸೆಕೆಂಡಿಗೆ ಇನ್ನೂರು-ಮುನ್ನೂರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಆದರೆ ಕೆಲವೇ ಕೆಲವು ಗೆಲಾಕ್ಸಿಗಳ ನಡುಭಾಗ ನಕ್ಷತ್ರದ ಹಾಗೆ ಚಿಕ್ಕದಾಗಿ, ಪ್ರಖರವಾಗಿ ಇದ್ದು, ಅಲ್ಲಿ ವಿಚಿತ್ರ ಗೆರೆಗಳು ಕಾಣುತ್ತಿದ್ದವು. ಇದನ್ನು ಮೊದಲು ಕಂಡವರು ಸೇಫರ್ಟ್ ಅಲ್ಲ. 1908ರಷ್ಟು ಹಿಂದೆಯೇ ಲಿಕ್ ವೀಕ್ಷಣಾಲಯದ ಎಡ್ವರ್ಡ್ ಫಾತ್ ಎನ್‌ಜಿಸಿ 1068 ಗೆಲಾಕ್ಸಿಯಲ್ಲಿ ಈ ಗೆರೆಗಳನ್ನು ನೋಡಿದ್ದರು. ಆಮೇಲೆ ಸ್ಲೈಫರ್, ಹಬಲ್ ಕೂಡ ಕಂಡು ಬರೆದಿದ್ದರು. ಎಲ್ಲರೂ ಕಂಡರು, ಮುಂದಕ್ಕೆ ಹೋದರು. ಸೇಫರ್ಟ್ ನಿಂತರು. ಇಂಥ ಗೆಲಾಕ್ಸಿಗಳು ಒಂದು ಜಾತಿಯೇ ಇರಬೇಕು ಅಂತ ಗುಮಾನಿ ಇಟ್ಟುಕೊಂಡು, ಒಂದೊಂದರ ರೋಹಿತವನ್ನೂ ಫಲಕದ ಮೇಲೆ ಹಿಡಿದು, ಗೆರೆ ಗೆರೆಯನ್ನೂ ಅಳೆದರು.

1943ರಲ್ಲಿ ಆಸ್ಟ್ರೋಫಿಸಿಕಲ್ ಜರ್ನಲ್‌ನಲ್ಲಿ ಪ್ರಬಂಧ ಬಂತು. ವಿವರವಾಗಿ ಅಳೆದಿದ್ದು ಆರೇ ಗೆಲಾಕ್ಸಿ: ಎನ್‌ಜಿಸಿ 1068, 1275, 3516, 4051, 4151, 7469. ಇದರಲ್ಲಿ 3516 ಮತ್ತು 7469ರಲ್ಲಿ ಹೈಡ್ರೋಜನ್ ಗೆರೆಯ ಪೂರ್ತಿ ಅಗಲ ಸೆಕೆಂಡಿಗೆ 8,500 ಕಿ.ಮೀ. ವೇಗಕ್ಕೆ ಸಮ. ತರಂಗಾಂತರದ ಲೆಕ್ಕದಲ್ಲಿ ಹೇಳುವುದಾದರೆ 486 ನ್ಯಾನೋಮೀಟರಿನ ಹತ್ತಿರ ಕೂದಲೆಳೆಯ ಹಾಗೆ ಇರಬೇಕಾದ ಗೆರೆ ಸುಮಾರು 14 ನ್ಯಾನೋಮೀಟರ್ ಹರಡಿದೆ. ನಮ್ಮ ಕಡೆ ಅರ್ಧ, ಆಚೆ ಕಡೆ ಅರ್ಧ ಅಂತ ಹಂಚಿದರೂ ಆ ಅನಿಲ ಬೆಂಗಳೂರಿಂದ ದೆಹಲಿಗೆ ಅರ್ಧ ಸೆಕೆಂಡಿನೊಳಗೆ ಹೋಗಿ ಮುಟ್ಟುತ್ತೆ.

ಇನ್ನೂ ಒಂದು ಸೂಕ್ಷ್ಮ ಅವರ ಕಣ್ಣಿಗೆ ಬಿದ್ದಿತ್ತು. ಎನ್‌ಜಿಸಿ 4151ರಲ್ಲಿ ಹೈಡ್ರೋಜನ್ ಗೆರೆಗೆ ನಡುವೆ ಕಿರಿದಾದ ತಿರುಳು, ಅದರ ಎರಡೂ ಪಕ್ಕಕ್ಕೆ ಅಗಲವಾದ ರೆಕ್ಕೆ. ಬೇರೆ ಧಾತುಗಳ ಗೆರೆಗಳಿಗೆ ಆ ರೆಕ್ಕೆ ಇಲ್ಲ. ಅಂದ್ರೆ ಒಂದೇ ಗೆಲಾಕ್ಸಿಯ ಹೊಟ್ಟೆಯೊಳಗೆ ಎರಡು ಥರದ ಅನಿಲ ಇದೆ: ಒಂದು ತೀರ ಒಳಗೆ ಹುಚ್ಚೆದ್ದು ಸುತ್ತುವ ದಟ್ಟ ಅನಿಲ, ಇನ್ನೊಂದು ಹೊರಗೆ ಸಾವಧಾನವಾಗಿ ಸುತ್ತುವ ತೆಳು ಅನಿಲ. ಈ ಅರ್ಥ ಆಮೇಲಿನವರು ಹೇಳಿದ್ದು. ಅಳತೆ ಮಾತ್ರ 1943ರದ್ದೇ.

ಇವತ್ತು ನಾವು ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದಾದ ಒಂದು ಲೆಕ್ಕ ನೋಡಿ. ಅನಿಲ ಸೆಕೆಂಡಿಗೆ 4,000 ಕಿ.ಮೀ. ವೇಗದಲ್ಲಿ, ಬೆಳಕಿಗೆ ಹತ್ತು ದಿನ ಹಿಡಿಯುವಷ್ಟು ದೂರದಲ್ಲಿ ಸುತ್ತುತ್ತಿದೆ ಅಂತಿಟ್ಟುಕೊಳ್ಳಿ. ವೇಗದ ವರ್ಗವನ್ನು ದೂರದಿಂದ ಗುಣಿಸಿ ಗುರುತ್ವ ಸ್ಥಿರಾಂಕದಿಂದ ಭಾಗಿಸಿ. ನಡುವಿನ ದ್ರವ್ಯರಾಶಿ ಸುಮಾರು 3 ಕೋಟಿ ಸೂರ್ಯರಷ್ಟು ಬರುತ್ತೆ. ಅಷ್ಟು ಪುಟ್ಟ ಜಾಗದಲ್ಲಿ 3 ಕೋಟಿ ಸೂರ್ಯರು! ಕಪ್ಪುಕುಳಿ ಬಿಟ್ಟು ಬೇರೇನೂ ಅಲ್ಲಿ ಹಿಡಿಸೋದಿಲ್ಲ. ಸೇಫರ್ಟ್ ಹತ್ತಿರ ವೇಗ ಇತ್ತು, ದೂರ ಇರಲಿಲ್ಲ. ಸೂತ್ರದ ಅರ್ಧ ಮಾತ್ರ ಕೈಲಿತ್ತು.

ಪ್ರಬಂಧ ಬಂದಾಗ ಜಗತ್ತು ಯುದ್ಧದಲ್ಲಿ ಮುಳುಗಿತ್ತು. ಸ್ವತಃ ಸೇಫರ್ಟ್ 1942ರಲ್ಲೇ ಬೆಟ್ಟ ಇಳಿದು ಕ್ಲೀವ್‌ಲ್ಯಾಂಡ್‌ಗೆ ವಾಪಸ್ ಹೋಗಿದ್ದರು. ಅಲ್ಲಿನ ಕೇಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೈನಿಕರಿಗೆ ದಿಕ್ಕು-ದಾರಿ ಲೆಕ್ಕ ಹಾಕುವ ನ್ಯಾವಿಗೇಶನ್ ಪಾಠ, ಜೊತೆಗೆ ಸೇನೆಯ ಗುಟ್ಟಿನ ಸಂಶೋಧನೆ. ಹೌದು, ಇಂಜಿನಿಯರಿಂಗ್ ಕಾಲೇಜು! ಬಿಡುವು ಸಿಕ್ಕಾಗ ಜೇಸನ್ ನಸ್ಸಾವ್ ಜೊತೆ ಸೇರಿ ಅಲ್ಲಿನ ವೀಕ್ಷಣಾಲಯದಲ್ಲಿ ನೀಹಾರಿಕೆಗಳ ಬಣ್ಣದ ಚಿತ್ರ ತೆಗೆಯುವ ಪ್ರಯೋಗ ಮಾಡಿದರು. ಆರು ಗೆಲಾಕ್ಸಿಯ ಪ್ರಬಂಧವನ್ನು ಯಾರೂ ತಳ್ಳಿಹಾಕಲಿಲ್ಲ, ಯಾರೂ ಎತ್ತಿಕೊಳ್ಳಲೂ ಇಲ್ಲ. ಅದು ಹದಿನೈದು ವರ್ಷದ ಹತ್ತಿರ ಲೈಬ್ರರಿಯ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು.

1946ರಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಅಲ್ಲಿದ್ದದ್ದು ಬರ್ನಾರ್ಡ್ ಹೆಸರಿನ ಪುಟ್ಟ ವೀಕ್ಷಣಾಲಯ, ಅದರಲ್ಲೊಂದು 6 ಇಂಚಿನ ಟೆಲಿಸ್ಕೋಪ್. ಮೌಂಟ್ ವಿಲ್ಸನ್‌ನಲ್ಲಿ 100 ಇಂಚು ಕಂಡ ಮನುಷ್ಯ 6 ಇಂಚಿಗೆ ಬಂದಿದ್ದರು. ನಮ್ಮಲ್ಲಿ ಈ ಭಾಗ ಓದಿದ ಕೆಲವರು ಇಲ್ಲಿಂದ ಅವರ ವಿಜ್ಞಾನ ಮುಗಿಯಿತು ಅಂದರು. ನಾವು ಹಾಗೆ ಅಂದುಕೊಳ್ಳೋದಿಲ್ಲ, ಆದರೆ ಒಪ್ಪಬೇಕಾದ ಮಾತೂ ಅದರಲ್ಲಿದೆ. ಆ ಆರು ಗೆಲಾಕ್ಸಿಗಳನ್ನು ಅವರು ಮುಂದುವರಿಸಿದ್ದರೆ ಏನಾಗುತ್ತಿತ್ತು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಅವರು ಮಾಡಿದ್ದು ಬೇರೆ. ಊರಿನವರ ಹತ್ತಿರ ಹೋದರು. ಭಾಷಣ, ಊರಿನ ಸಂಘಗಳು, ವ್ಯಾಪಾರಿಗಳು, ಕಂಪನಿಗಳು. ನಮಗೊಂದು ದೊಡ್ಡ ವೀಕ್ಷಣಾಲಯ ಬೇಕು ಅಂತ ಕೇಳಿದರು. ದುಡ್ಡು ಕೊಟ್ಟವರೂ ಇದ್ದರು, ಸಾಮಾನು ಕೊಟ್ಟವರೂ ಇದ್ದರು. ಟೆಕ್ ಫೆಸ್ಟಿಗೆ ಸ್ಪಾನ್ಸರ್ ಹುಡುಕಿಕೊಂಡು ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆದವರಿಗೆ ಆ ಕೆಲಸದ ಬೆಲೆ ಗೊತ್ತು. ಆರ್ಥರ್ ಡೈಯರ್ ಅನ್ನೋ ಇಂಜಿನಿಯರ್ ನ್ಯಾಶ್‌ವಿಲ್‌ನಲ್ಲಿ ಸೇತುವೆ ಕಟ್ಟುವ ಕಂಪನಿ ನಡೆಸುತ್ತಿದ್ದರು. ತಿರುಗುವ 24 ಅಡಿ ಅಗಲದ ಉಕ್ಕಿನ ಗುಮ್ಮಟ ಅವರ ಕೊಡುಗೆ. 1953ರ ಡಿಸೆಂಬರ್‌ನಲ್ಲಿ ಊರ ಹೊರಗಿನ ಗುಡ್ಡದ ಮೇಲೆ 24 ಇಂಚಿನ ಟೆಲಿಸ್ಕೋಪ್ ಇರುವ ಡೈಯರ್ ವೀಕ್ಷಣಾಲಯ ಸಿದ್ಧವಾಯಿತು. ಸೇಫರ್ಟ್ ಅದರ ನಿರ್ದೇಶಕರಾದರು. ಟೆಕ್ಸಸ್ ಬೆಟ್ಟದ ಮೇಲೆ ಕಂಡಿದ್ದು ಇಲ್ಲಿ ಕೈಗೆ ಬಂತು.

ಅದರ ಜೊತೆಗೇ ಊರಿನ ಟಿ.ವಿ.ಯಲ್ಲಿ ಹವಾಮಾನ ವರದಿ ಹೇಳುವವರೂ ಅವರೇ ಆಗಿದ್ದರು. ನಾಳೆ ಮಳೆ ಬರುತ್ತಾ ಇಲ್ಲವಾ ಅಂತ ನ್ಯಾಶ್‌ವಿಲ್‌ನ ಜನ ಅವರ ಬಾಯಿಂದ ಕೇಳುತ್ತಿದ್ದರು. ಆ ಜನರಲ್ಲಿ ಎಷ್ಟು ಮಂದಿಗೆ ಎನ್‌ಜಿಸಿ 4151 ಗೊತ್ತಿತ್ತು ಹೇಳಿ.

ಸಂಶೋಧನೆ ಪೂರ್ತಿ ನಿಂತಿರಲಿಲ್ಲ. 1951ರಲ್ಲಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುವ ಗೆಲಾಕ್ಸಿಗಳ ಒಂದು ಗುಂಪನ್ನು ಪ್ರಕಟಿಸಿದರು. ಅದಕ್ಕೆ ಈಗಲೂ ಸೇಫರ್ಟ್ ಷಟ್ಕ ಅಂತಲೇ ಹೆಸರು. ಆರರಲ್ಲಿ ಒಂದು ತುಂಬ ದೂರದ್ದು, ಸುಮ್ಮನೆ ಹಿಂದೆ ನಿಂತಿದೆ, ಇನ್ನೊಂದು ಗೆಲಾಕ್ಸಿಯೇ ಅಲ್ಲ, ಕಿತ್ತುಹೋದ ನಕ್ಷತ್ರಗಳ ಬಾಲ ಅಂತ ಆಮೇಲೆ ತಿಳಿಯಿತು. ಬೆಳಕಿನ ಕಣ ಎಣಿಸುವ ಫೋಟೊಮಲ್ಟಿಪ್ಲೈಯರ್ ಕೊಳವೆ, ಟೆಲಿವಿಷನ್ ತಂತ್ರ, ಎಲೆಕ್ಟ್ರಾನಿಕ್ಸ್‌ನಿಂದ ಟೆಲಿಸ್ಕೋಪ್ ತಿರುಗಿಸುವ ವ್ಯವಸ್ಥೆ, ಇಂಥದ್ದೆಲ್ಲ ಅವರಿಗೆ ಬಲು ಇಷ್ಟ. ಈಗ ಇದ್ದಿದ್ದರೆ ನಮ್ಮ ಇ.ಸಿ. ಲ್ಯಾಬಿನಲ್ಲೇ ಕೂತಿರುತ್ತಿದ್ದರೇನೋ.

1960ರ ಜೂನ್ 13ರಂದು ನ್ಯಾಶ್‌ವಿಲ್‌ನಲ್ಲಿ ಕಾರು ಅಪಘಾತವಾಗಿ ಅವರು ತೀರಿಕೊಂಡರು. 49 ವರ್ಷ. ಹೆಂಡತಿ, ಇಬ್ಬರು ಮಕ್ಕಳು. ಡೈಯರ್‌ನ 24 ಇಂಚಿನ ಟೆಲಿಸ್ಕೋಪಿಗೆ ಅವರ ಹೆಸರಿಟ್ಟರು. ಚಂದ್ರನ ಮೇಲಿನ ಒಂದು ಕುಳಿಗೂ ಇಟ್ಟರು, ಅದು ನಮಗೆ ಎಂದೂ ಕಾಣದ ಹಿಂಬದಿಯಲ್ಲಿದೆ.

ಅವರ ಗೆಲಾಕ್ಸಿಗಳಿಗೆ ಕಾಲ ಕೂಡಿಬಂದಿದ್ದು ಅವರ ಕೊನೆಯ ವರ್ಷಗಳಲ್ಲಿ, ಅದೂ ರೇಡಿಯೋ ದಾರಿಯಿಂದ. ಆಕಾಶದ ಗಟ್ಟಿ ರೇಡಿಯೋ ಮೂಲಗಳಲ್ಲಿ ಒಂದು ಎನ್‌ಜಿಸಿ 1275 ಅಂತ 1954ರಲ್ಲಿ ಗೊತ್ತಾಯಿತು. 1959ರಲ್ಲಿ ವೋಲ್ಟ್ಯೆರ್ ಅನ್ನೋ ಡಚ್ ವಿಜ್ಞಾನಿ ಸೇಫರ್ಟ್ ಅಳತೆಗಳನ್ನೇ ಎತ್ತಿಕೊಂಡು, ಅಷ್ಟು ವೇಗದ ಅನಿಲವನ್ನು ಹಿಡಿದಿಡಲು ನಡುವೆ ಎಷ್ಟು ಭಾರ ಬೇಕು ಅಂತ ಲೆಕ್ಕ ಹಾಕಿದರು. 1963ರಲ್ಲಿ ಮಾರ್ಟೆನ್ ಸ್ಮಿತ್ 3ಸಿ 273 ಅನ್ನೋ ಚುಕ್ಕೆಯ ರೋಹಿತ ಬಿಡಿಸಿದಾಗ ಅದು ನಕ್ಷತ್ರವಲ್ಲ, ಬೆಳಕಿನ ವೇಗದ ಶೇ. 16ರಷ್ಟು ವೇಗಕ್ಕೆ ಸಮನಾದ ಕೆಂಪು ಸರಿತ ತೋರುವ ದೂರದ ವಸ್ತು ಅಂತ ತಿಳಿದು ಎಲ್ಲರೂ ಬೆಚ್ಚಿದರು. ಅದು ಕ್ವೇಸಾರ್. ಅದರ ದಪ್ಪ ಗೆರೆಗಳನ್ನು ಇನ್ನೆಲ್ಲಿ ನೋಡಿದ್ದೀವಿ ಅಂತ ಹುಡುಕಿದವರಿಗೆ 1943ರ ಪ್ರಬಂಧ ಸಿಕ್ಕಿತು. ಸೇಫರ್ಟ್ ಗೆಲಾಕ್ಸಿ ಅನ್ನೋ ಹೆಸರು ಊರ್ಜಿತವಾಯಿತು. ಆರ್ಮೇನಿಯಾದಲ್ಲಿ ಮಾರ್ಕೇರಿಯನ್ ತಮ್ಮ ಹುಡುಕಾಟ ಶುರುಮಾಡಿದ ಮೇಲೆ ಆರು ಇದ್ದದ್ದು ಹತ್ತಾರು, ನೂರಾರು ಆಯಿತು.

ಈಗ ಎಕ್ಸ್-ರೇ ಕಡೆ ಬರೋಣ. ನಮ್ಮ ವಾತಾವರಣ ಎಕ್ಸ್-ರೇಯನ್ನು ನೆಲಕ್ಕೆ ಬಿಡೋದಿಲ್ಲ. ಹಾಗಾಗಿ ರಾಕೆಟ್ಟೇ ಗತಿ. 1962ರಲ್ಲಿ ಜಿಯಕೋನಿ, ರೊಸ್ಸಿ ಮುಂತಾದವರ ಉಪಕರಣ ಕೆಲವೇ ನಿಮಿಷ ಮೇಲಿದ್ದು ಎರಡು ವಿಷಯ ತಂದಿತು: ವೃಶ್ಚಿಕ ರಾಶಿಯಲ್ಲಿ ಒಂದು ಪ್ರಖರ ಚುಕ್ಕೆ, ಮತ್ತು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಒಂದು ಮಬ್ಬು ಹೊಳಪು. ಚುಕ್ಕೆಯ ಬಗ್ಗೆ ಎಲ್ಲರೂ ಬರೆದರು. ಆ ಮಬ್ಬು ಏನು ಅನ್ನೋದು ಮೂವತ್ತು-ನಲವತ್ತು ವರ್ಷ ತಲೆ ತಿಂದಿತು.

1970ರ ಡಿಸೆಂಬರ್ 12ರಂದು ಕೀನ್ಯಾ ಕರಾವಳಿಯ ಕಡಲ ಮೇಲಿನ ವೇದಿಕೆಯಿಂದ ಉಹುರು ಉಪಗ್ರಹ ಹಾರಿತು. ಇಡೀ ಆಕಾಶದ ಮೊದಲ ಎಕ್ಸ್-ರೇ ಸಮೀಕ್ಷೆ ಅದರದ್ದು. ಕೊನೆಯ ಪಟ್ಟಿಯಲ್ಲಿ 339 ಮೂಲಗಳು. ಹೆಚ್ಚಿನವು ನಮ್ಮ ಗೆಲಾಕ್ಸಿಯವೇ. ಆದರೆ ಮೊದಮೊದಲೇ ಸಿಕ್ಕ ಹೊರಗಿನವುಗಳಲ್ಲಿ ಒಂದು ಎನ್‌ಜಿಸಿ 4151! ಸೇಫರ್ಟ್ ಪಟ್ಟಿಯದ್ದೇ. ಎನ್‌ಜಿಸಿ 1275 ಇರುವ ಜಾಗದಿಂದಲೂ ಎಕ್ಸ್-ರೇ ಬರುತ್ತಿತ್ತು. ಅಲ್ಲಿ ಮಾತ್ರ ಒಂದು ತೊಡಕು. ಆ ಗೆಲಾಕ್ಸಿ ಒಂದು ದೊಡ್ಡ ಗೆಲಾಕ್ಸಿ ಗುಚ್ಛದ ನಡುವೆ ಕೂತಿದೆ, ಆ ಗುಚ್ಛದ ಬಿಸಿ ಅನಿಲವೂ ಎಕ್ಸ್-ರೇ ಸೂಸುತ್ತೆ. ಯಾವುದು ಯಾರದು?

ತೊಂದರೆಯ ಬೇರು ಉಪಕರಣದಲ್ಲಿತ್ತು. ಆಗ ಎಕ್ಸ್-ರೇಗೆ ಕನ್ನಡಿ ಇರಲಿಲ್ಲ. ಅನಿಲ ತುಂಬಿದ ಪೆಟ್ಟಿಗೆ, ಅದರ ಮುಂದೆ ಲೋಹದ ಜಾಲರಿ. ಉಪಗ್ರಹ ತಿರುಗುತ್ತಾ ಹೋದಂತೆ ಯಾವ ದಿಕ್ಕಿನಲ್ಲಿ ಎಣಿಕೆ ಏರಿತು ಅಂತ ನೋಡಿ ಜಾಗ ಊಹಿಸಬೇಕು. ಚುಕ್ಕೆ ಇಲ್ಲೇ ಇದೆ ಅನ್ನೋಕಾಗಲ್ಲ, ಈ ಚೌಕದೊಳಗೆ ಎಲ್ಲೋ ಇದೆ ಅನ್ನಬಹುದು ಅಷ್ಟೇ. ಬೀದಿ ಗೊತ್ತು, ಮನೆ ನಂಬರ್ ಗೊತ್ತಿಲ್ಲ. 1974ರಲ್ಲಿ ಹಾರಿದ ಬ್ರಿಟನ್ನಿನ ಏರಿಯಲ್ 5 ಈ ಚೌಕಗಳನ್ನು ಕಿರಿದು ಮಾಡಿತು. ಆದರೂ ಒಂದೊಂದು ಚೌಕದಲ್ಲೂ ಫೋಟೊ ಫಲಕ ಹಾಕಿ ನೋಡಿದರೆ ನೂರಾರು ಮಸುಕು ನಕ್ಷತ್ರ, ಗೆಲಾಕ್ಸಿ. ಇದರಲ್ಲಿ ಎಕ್ಸ್-ರೇ ಕಳ್ಳ ಯಾರು?

ಇಲ್ಲಿ ಸೇಫರ್ಟ್ ವಿಧಾನ ವಾಪಸ್ ಬಂತು. ಚೌಕದೊಳಗೆ ನಡುಭಾಗ ಹೊಳೆಯುವ ಗೆಲಾಕ್ಸಿ ಇದೆಯಾ ನೋಡು. ಇದ್ದರೆ ನೆಲದ ಮೇಲಿನ ಟೆಲಿಸ್ಕೋಪ್ ತಿರುಗಿಸಿ ಅದರ ರೋಹಿತ ತೆಗೆ. ಹೈಡ್ರೋಜನ್ ಗೆರೆ ದಪ್ಪಗಿದೆಯಾ? ಹಾಗಿದ್ದರೆ ಸಿಕ್ಕಿಬಿದ್ದ. 1978ರ ಹೊತ್ತಿಗೆ ಏರಿಯಲ್ 5 ಪಟ್ಟಿಯ ಹತ್ತಾರು ಗುರುತಿಲ್ಲದ ಮೂಲಗಳು ಹೀಗೆ ಸೇಫರ್ಟ್ ಗೆಲಾಕ್ಸಿಗಳೆಂದು ತಿಳಿದವು, ಎಕ್ಸ್-ರೇ ಸೂಸುವುದು ಆ ಜಾತಿಯ ಹುಟ್ಟುಗುಣ ಅಂತ ಸ್ಪಷ್ಟವಾಯಿತು. ಎಕ್ಸ್-ರೇಯಿಂದಲೇ ಹಿಡಿದ, ಮೊದಲು ಯಾರೂ ಗಮನಿಸದ ಸೇಫರ್ಟ್‌ಗಳೂ ಅದರಲ್ಲಿದ್ದವು. ಕಾರಣ ಈಗ ಗೊತ್ತು. ಕಪ್ಪುಕುಳಿಯೊಳಕ್ಕೆ ಸುತ್ತಿಕೊಂಡು ಬೀಳುವ ಅನಿಲದ ತಟ್ಟೆ ಕಾದು ಅತಿನೇರಳೆ ಬೆಳಕು ಬಿಡುತ್ತೆ. ಅದರ ಮೇಲಿನ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಎಲೆಕ್ಟ್ರಾನ್‌ಗಳು ಆ ಬೆಳಕಿಗೆ ಗುದ್ದಿ ಗುದ್ದಿ ಅದನ್ನು ಎಕ್ಸ್-ರೇ ಮಟ್ಟಕ್ಕೆ ಏರಿಸುತ್ತವೆ.

1978ರ ಐನ್‌ಸ್ಟೈನ್ ಉಪಗ್ರಹಕ್ಕೆ ಕನ್ನಡಿ ಬಂತು, ಎಕ್ಸ್-ರೇಯಲ್ಲಿ ಚಿತ್ರವೇ ತೆಗೆಯಬಹುದಾಯಿತು. ಅದರ ಒಂದು ಸಮೀಕ್ಷೆಯ 835 ಮೂಲಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೊಂದಾಗಿ ರೋಹಿತ ತೆಗೆದು ಗುರುತಿಸಿದರು. ಅರ್ಧದಷ್ಟು ಎ.ಜಿ.ಎನ್. 1990ರ ರೊಸ್ಯಾಟ್, 1999ರ ಚಂದ್ರ. ಹೌದು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದ್ದೇ. ಹುಣ್ಣಿಮೆ ಚಂದ್ರನಿಗಿಂತ ಚಿಕ್ಕ ತುಂಡು ಆಕಾಶವನ್ನು ಅದು ಒಟ್ಟು 70 ಲಕ್ಷ ಸೆಕೆಂಡು ದಿಟ್ಟಿಸಿ ಸಾವಿರ ಚುಕ್ಕೆ ಎಣಿಸಿತು, ಅದರಲ್ಲಿ ಏಳುನೂರು ಎ.ಜಿ.ಎನ್. 1962ರಲ್ಲಿ ಕಂಡ ಆ ಮಬ್ಬು ಹೊಳಪು ಬಹುಪಾಲು ಇವುಗಳದ್ದೇ ಬೆಳಕು ಅಂತ ಆಗ ತೀರ್ಮಾನವಾಯಿತು. ದೂರದಿಂದ ಊರಿನ ದೀಪ ಒಂದೇ ಮಬ್ಬಾಗಿ ಕಂಡ ಹಾಗೆ.

ದಪ್ಪ ಗೆರೆ ಇಲ್ಲದಿದ್ದರೆ? ಇದು ಗುರುತು ಹಿಡಿಯುವವರ ನಿಜವಾದ ತಲೆನೋವು. ಸೇಫರ್ಟ್ ಪಟ್ಟಿಯ ಎನ್‌ಜಿಸಿ 1068ರಲ್ಲಿ ಆ ಅಗಲದ ರೆಕ್ಕೆ ಕಾಣೋದಿಲ್ಲ. 1974ರಲ್ಲಿ ಖಚಿಕ್ಯಾನ್ ಮತ್ತು ವೀಡ್‌ಮನ್ ಇಂಥದ್ದನ್ನು ಎರಡನೇ ದರ್ಜೆ ಅಂತ ಬೇರೆ ಮಾಡಿದರು, ಸೇಫರ್ಟ್ 2. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಅದೇ 1068ರ ಧ್ರುವೀಕೃತ ಬೆಳಕನ್ನು ಮಾತ್ರ ಬೇರ್ಪಡಿಸಿ ನೋಡಿದರೆ ದಪ್ಪ ಗೆರೆ ಅಲ್ಲೇ ಇತ್ತು! ದೂಳಿನ ದಪ್ಪ ಉಂಗುರ ನಡುಭಾಗವನ್ನು ಮುಚ್ಚಿದೆ. ಮೇಲಿನ ಅನಿಲಕ್ಕೆ ತಾಗಿ ಚದುರಿದ ಬೆಳಕು ಮಾತ್ರ ಬೇಲಿ ಹಾರಿ ನಮಗೆ ಬರುತ್ತೆ. ಇಂಥವನ್ನು ಹಿಡಿಯೋಕೆ ಗಟ್ಟಿ ಎಕ್ಸ್-ರೇ ಬೇಕು, ದೂಳು ಕಾದು ಸೂಸುವ ಅವಗೆಂಪು ಬೆಳಕಿನ ಲೆಕ್ಕ ಬೇಕು. 7 ಲಕ್ಷಕ್ಕೂ ಒಂದೊಂದಾಗಿ ರೋಹಿತ ತೆಗೆಯೋಕೆ ಸದ್ಯಕ್ಕಾಗಲ್ಲ. ಹಾಗಾಗಿ ಇ-ರೊಸಿಟಾ ಪಟ್ಟಿಯಲ್ಲಿ ಬಣ್ಣ, ಹೊಳಪು, ಜಾಗ ಎಲ್ಲ ಸೇರಿಸಿ ಸಂಭವನೀಯತೆಯ ಮೇಲೆ ಹೆಸರು ಹಚ್ಚುತ್ತಾರೆ. ಅನುಮಾನ ಬಂದಲ್ಲಿ ಮಾತ್ರ ಅಂತಿಮ ಸಾಕ್ಷಿ ಈಗಲೂ ರೋಹಿತವೇ.

ಈ ಕೆಲಸ ನಮ್ಮ ಊರಿಂದ ದೂರವೇನಲ್ಲ. ಇಸ್ರೋದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಿಂದ ಮೇಲಿದೆ, ಸೇಫರ್ಟ್ ಗೆಲಾಕ್ಸಿಗಳನ್ನು ಎಕ್ಸ್-ರೇ ಮತ್ತು ಅತಿನೇರಳೆ ಎರಡರಲ್ಲೂ ಒಟ್ಟಿಗೆ ನೋಡಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತೇ ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಅದಕ್ಕೆ ರೋಹಿತ ತೆಗೆಯುವ ಉಪಕರಣವೂ ಇದೆ.

ಇನ್ನು 1068ರ ಕಥೆ ಮುಗಿದಿಲ್ಲ. 2022ರಲ್ಲಿ ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗಿನ ಐಸ್‌ಕ್ಯೂಬ್ ಪ್ರಯೋಗದವರು ಆ ದಿಕ್ಕಿನಿಂದ ಸುಮಾರು 79 ಹೆಚ್ಚುವರಿ ನ್ಯೂಟ್ರಿನೋ ಬಂದ ಲೆಕ್ಕ ಕೊಟ್ಟರು. ಬೆಳಕು ದಾಟಲಾಗದ ದೂಳಿನ ಗೋಡೆಯನ್ನು ಅವು ದಾಟಿ ಬಂದಿವೆ.

ಆ ಗೆಲಾಕ್ಸಿ ನೋಡಬೇಕು ಅಂದರೆ ಹಾಸ್ಟೆಲ್ ಟೆರೇಸ್ ಸಾಲದು, ಊರ ದೀಪ ಬಿಟ್ಟು ಸ್ವಲ್ಪ ಹೊರಗೆ ಹೋಗಬೇಕು. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಅದು ನೆತ್ತಿಯಿಂದ ಸ್ವಲ್ಪವೇ ದಕ್ಷಿಣಕ್ಕೆ, ತಿಮಿಂಗಿಲ ನಕ್ಷತ್ರಪುಂಜದಲ್ಲಿರುತ್ತೆ. ಚಾರ್ಟ್‌ನಲ್ಲಿ ಎಂ 77 ಅಂತ ಹುಡುಕಿ. 6 ಇಂಚಿನ ಟೆಲಿಸ್ಕೋಪ್ ಸಾಕು. ಮಸುಕಾದ ಹತ್ತಿಯ ಉಂಡೆ, ನಡುವೆ ಸ್ವಲ್ಪ ಗಟ್ಟಿ ಬೆಳಕು.